ಚಿತ್ರದಲ್ಲಿ ಇಲ್ಲದ ಕಟ್ಟೆ

ಬೀದರ ಜೈಲು
6 ಫೆಬ್ರುವರಿ 2024

ಅಕ್ಕಾ, ಜೈಭೀಮ್.

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಅಂತ ಬರೆಯಬೇಕೆಂದು ಚಿಕ್ಕವನಿದ್ದಾಗ ನೀನೇ ಕಲಿಸಿದ್ದೆ. ಬರೆಯುವುದಿಲ್ಲ. ಮೇಲಿನ ತುಟಿ ಒಡೆದಿದೆ, ಬಲಗೈ ಹೆಬ್ಬೆರಳು ಬದನೆಕಾಯಿ ಆಗಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೊದಲ ದಿನವೇ ಬ್ಯಾರಕ್ಕಿನಲ್ಲಿ ಒಬ್ಬ, "ಯಾಕಲೇ ಝಂಡಾ, ಮಕ್ಕೊಳ್ಳಾಕ ಜಾಗಾ ಬೇಕೇನು?" ಅಂದ. ನಾನು ಅವನ ಮೂಗಿಗೆ ತಲೆಯಿಂದ ಗುದ್ದಿದೆ. ಅವನ ಮೂವರು ಗೆಳೆಯರು ನನ್ನನ್ನು ಎತ್ತಿ ಸಂಡಾಸಿನ ಗೋಡೆಗೆ ಒಗೆದರು. ಈಗ ನಾಲ್ವರೂ ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಾರೆ. ಇಲ್ಲಿಯ ಪದ್ಧತಿ ಹಾಗೆ ಇದೆಯಂತೆ.

ನೀನು ಭೇಟಿಗೆ ಬರಬಾರದು ಅಂತ ವಕೀಲ ಅಬ್ದುಲ ಗಫೂರ ಸಾಹೇಬರು ಹೇಳಿದ್ದಾರೆ. ರಸ್ತೆ ಮಾಡುವ ಕಂಪನಿಯ ಪಗಾರ ತಿನ್ನುವವಳು ಆರೋಪಿಯನ್ನು ನೋಡಲು ಬಂದರೆ ಕೇಸು ಹದಗೆಡುತ್ತದಂತೆ. ಹೀಗಾಗಿ ಕಾಗದ. ಇದನ್ನು ಜೈಲಿನವರು ಓದಿಯೇ ಕಳಿಸುತ್ತಾರೆ. ಓದಲಿ, ನಾನು ಮುಚ್ಚಿಡುವುದೇನಿದೆ?

ಜನವರಿ ಒಂಬತ್ತರ ಮುಂಜಾನೆ ನೀನು ಓಣಿಯಲ್ಲಿ ಇರಲಿಲ್ಲ. ಮಂದಿ ಹೇಳಿದ್ದು ಕೇಳಿರುತ್ತಿ, ಈಗ ನನ್ನ ಬಾಯಿಂದ ಕೇಳು. ಅದಕ್ಕೆ ಮೂರು ದಿನ ಮೊದಲು ನಮ್ಮ ಝಂಡಾ ಕಟ್ಟೆಯ ಮಗ್ಗುಲಿಗೇ ಕಂಪನಿಯವರು ದೊಡ್ಡ ಫ್ಲೆಕ್ಸ್ ನಿಲ್ಲಿಸಿದರು. ಹೊಸ ನೂರಡಿ ರಸ್ತೆ ಹೀಗೆ ಕಾಣುತ್ತದೆ ಅಂತ ಚಿತ್ರ. ಬೆಳ್ಳಿಯ ಬಣ್ಣದ ದೀಪದ ಕಂಬ, ನಡುವೆ ಹೂವಿನ ಸಾಲು, ಸೈಕಲ್ ಮೇಲೆ ಒಬ್ಬ ಹುಡುಗಿ. ಚೆಂದ ಇತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪ ಅದರ ಮುಂದೆ ನಿಂತು ಬೆರಳಿಟ್ಟು ನೋಡಿದ. ಮುನ್ನಿಬೀಯ ಹಿಟ್ಟಿನ ಗಿರಣಿ ಇದೆ, ನೀರಿನ ಟಾಕಿ ಇದೆ, ನನ್ನ ವೆಲ್ಡಿಂಗ್ ಅಂಗಡಿಯ ತಗಡೂ ಇದೆ. ಕಟ್ಟೆ ಇಲ್ಲ. ನೀಲಿ ಝಂಡಾ ಹಾರುವ ಜಾಗದಲ್ಲಿ ಒಂದು ಪಾಮ್ ಗಿಡ. "ಮತ್ತ ಬಂದರು ಮಕ್ಕಳು," ಅಂದ ಅಪ್ಪ. ಅಷ್ಟೇ ಅಂದದ್ದು. ಆ ಕಟ್ಟೆಯನ್ನು ಮೊದಲ ಸಲ ಒಡೆದವರು ಅಪ್ಪನ ಎಡಗೈಯನ್ನೂ ಒಡೆದಿದ್ದರು. ಉಳಿದ ಒಂದೇ ಕೈಯಲ್ಲಿ ಅವನು ಅದನ್ನು ಮತ್ತೆ ಕಟ್ಟಿದ್ದು ನನಗಿಂತ ನಿನಗೆ ಹೆಚ್ಚು ನೆನಪಿರಬೇಕು.

ಒಂಬತ್ತನೇ ತಾರೀಖು ನಾನು ಶಟರ್ ಎತ್ತುತ್ತಿದ್ದೆ. ಕಂಪನಿಯ ಸುಪರವೈಜರ್ ಶಿವರಾಜ ಹಾರೆ ಹಿಡಿದು ಕಟ್ಟೆಯ ಬುಡ ಅಗೆಯುತ್ತಿದ್ದ. ಎರಡಿಂಚಿನ ಪೈಪು ಕೈಗೆ ಸಿಕ್ಕಿತು. ಮೊದಲ ಏಟು ಭುಜಕ್ಕೆ, ಎರಡನೆಯದು ತಲೆಗೆ. ಆಮೇಲೆ ಓಣಿಯೆಲ್ಲ ಎದ್ದಿತು, ಕಂಪನಿಯ ಜೆಸಿಬಿ ಸುಟ್ಟು ಬೂದಿಯಾಯಿತು. ಪೊಲೀಸರ ಲಾಠಿಗೆ ಹನ್ನೊಂದು ಮಂದಿಯ ತಲೆ ಒಡೆಯಿತು.

ನನಗೆ ಪಶ್ಚಾತ್ತಾಪ ಇಲ್ಲ. ಆದರೆ ಶಿವರಾಜ ಹೇಳಿದ್ದು ಕೇಳುವ ಆಳು, ಚಿತ್ರ ಮಾಡಿದವನು ಬೇರೆ. ನೀನು ಅದೇ ಆಫೀಸಿನಲ್ಲಿ ಗಿಡ, ಕಂಬ ನೋಡುವವಳು. ನಮ್ಮ ಕಟ್ಟೆಯನ್ನು ಅಳಿಸಿದ ಕೈ ಯಾರದು ಅಂತ ಪತ್ತೆ ಹಚ್ಚು. ಹೊರಗೆ ಬಂದ ಮೇಲೆ ನನಗೆ ಒಂದು ಕೆಲಸ ಬಾಕಿ ಇದೆ.

ನಿನ್ನ ತಮ್ಮ
ಕೈಲಾಶ


ಎಕಂಬಾ
18 ಫೆಬ್ರುವರಿ 2024

ತಮ್ಮಾ,

ಕಾಗದ ಮುಟ್ಟಿತು. ನಮ್ಮ ಸೋದರತ್ತೆ ಅನುಸೂಯಾಗೆ ಓದಿ ಹೇಳಿದೆ. ಅವಳು ಅಳಲಿಲ್ಲ, ಬೈದಳು. "ಅವ್ನ ತುಟಿ ಒಡದವನ ಕೈಗೆ ಹುಳಾ ಬೀಳ್ಲಿ, ಇವ್ನ ಸಿಟ್ಟಿಗೆ ಬೆಂಕಿ ಬೀಳ್ಲಿ," ಅಂತ ಇಬ್ಬರಿಗೂ ಸಮ ಹಂಚಿದಳು.

ನಾನು ಈಗ ಅತ್ತೆಯ ಮನೆಯಲ್ಲಿ ಇದ್ದೇನೆ. ಬೀದರದಲ್ಲಿ ನನ್ನ ಜೀವಕ್ಕೆ ಅಪಾಯ ಅಂತ ಹೇಳಿ ಕಂಪನಿಯವರು ಔರಾದ ಕ್ಯಾಂಪ್ ಆಫೀಸಿಗೆ ಹಾಕಿದ್ದಾರೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲಸ ನಿಂತಿಲ್ಲ. ಜೆಸಿಬಿ ಸುಟ್ಟರೆ ಇನ್ನೊಂದು ತರುತ್ತಾರೆ, ರಸ್ತೆ ಬರುವುದು ತಪ್ಪುವುದಿಲ್ಲ.

ಈ ವಾರ ಬಣ್ಣದ ಮೀಟಿಂಗು ಇತ್ತು. ಕಂಬ, ರೇಲಿಂಗು, ಬಸ್ ನಿಲ್ದಾಣ, ತಿರುವಿನ ಗೋಡೆ, ಎಲ್ಲಕ್ಕೂ ಒಂದೇ ಬಣ್ಣ ಬೇಕು, ನೋಡಿದ ಕೂಡಲೇ ಇದು ಬೀದರ ಅನ್ನಿಸಬೇಕು. ಯಾವ ಬಣ್ಣ ಹೇಳು? ಹಸಿರು ಅಂದರೆ ಒಬ್ಬರು ಕೆಮ್ಮುತ್ತಾರೆ. ಕೇಸರಿ ಅಂದರೆ ಇನ್ನೊಬ್ಬರು ನೀರು ಕುಡಿಯುತ್ತಾರೆ. ನೀಲಿ ಅಂದ ಕೂಡಲೇ ಎಲ್ಲರೂ ನನ್ನ ಕಡೆ ನೋಡುತ್ತಾರೆ. ನಾನು ಮುಂಚೆಯೇ ಬಿದ್ರಿ ಬಟ್ಟಲಿನ ಕಪ್ಪು ಮತ್ತು ಬೆಳ್ಳಿ ಅಂತ ಬರೆದಿಟ್ಟಿದ್ದೆ. ಕಪ್ಪಿಗೆ ಈ ಊರಿನಲ್ಲಿ ಇನ್ನೂ ಯಾರೂ ಮಾಲೀಕರಾಗಿಲ್ಲ. ಒಪ್ಪಿದರು. ಗೋಡೆಗೆ ಬಿದ್ರಿಯ ಬಳ್ಳಿ, ಕಂಬದ ತುದಿಗೆ ಬಿದ್ರಿಯ ಹೂವು. ಹೀಗೆ ಒಂದು ರಸ್ತೆಯನ್ನು ಎಲ್ಲರ ಬಣ್ಣದಿಂದ ತಪ್ಪಿಸಿಕೊಂಡು ಹೋಗುವಂತೆ ಮಾಡುವುದೇ ನನ್ನ ಕಸುಬು ಆಗಿದೆ.

ಶಿವರಾಜನ ತಲೆಯನ್ನು ಎರಡು ಸಲ ತೆರೆದಿದ್ದಾರೆ. ಕಣ್ಣು ಬಿಡುತ್ತಾನೆ, ಮಾತಿಲ್ಲ, ಬಲಗಡೆ ಅಲುಗುವುದಿಲ್ಲ.

ಚಿತ್ರ ಯಾರು ಮಾಡಿದರು ಅಂತ ಕೇಳಿದಿ. ನಮ್ಮಲ್ಲಿ ಏಳು ಮಂದಿ ಕಂಪ್ಯೂಟರ್ ಮುಂದೆ ಕೂಡುತ್ತಾರೆ. ಒಂದು ಚಿತ್ರ ಎಲ್ಲರ ಕೈ ಹಾಯ್ದು ಹೋಗುತ್ತದೆ. ಇಂಥವರೇ ಅಂತ ಬೊಟ್ಟು ಮಾಡಲು ಆಗುವುದಿಲ್ಲ. ಅದನ್ನು ತಲೆಯಿಂದ ತೆಗೆ. ಜಗಳಕ್ಕೆ ಹೋಗಬೇಡ, ಹೆಬ್ಬೆರಳಿಗೆ ಅರಿಸಿನ ಕೇಳಿ ಹಚ್ಚಿಕೋ.

ನಿನ್ನ ಅಕ್ಕ
ವಿಶಾಖಾ


ಬೀದರ ಜೈಲು
4 ಮಾರ್ಚ್ 2024

ಅಕ್ಕಾ, ಜೈಭೀಮ್.

ಇಲ್ಲಿ ಅರಿಸಿನ ಕೇಳಿದರೆ ಬೂಟಿನ ಒದೆ ಕೊಡುತ್ತಾರೆ. ಬೆರಳು ತಾನೇ ಇಳಿದಿದೆ.

ಗಫೂರ ಸಾಹೇಬರು ನಿನ್ನೆ ಬಂದಿದ್ದರು. ಕೇಸಿನ ಬೆನ್ನೆಲುಬು ಇಷ್ಟೇ: ಶಿವರಾಜ ಹಾರೆ ಹಿಡಿದು ಕಟ್ಟೆ ಕೀಳಲು ಬಂದಿದ್ದ, ನಾನು ತಡೆದೆ. ಓಣಿಯವರು ಅವನ ಮೇಲೆ ದೂರು ಕೊಟ್ಟಿದ್ದಾರೆ, ಪೊಲೀಸರು ತೆಗೆದುಕೊಂಡಿದ್ದಾರೆ. ಆಸ್ಪತ್ರೆಯಲ್ಲಿ ಅವನ ಕೋಣೆಯ ಬಾಗಿಲಿಗೆ ಒಬ್ಬ ಪೇದೆ ಕೂತಿದ್ದಾನಂತೆ. ಕಂಪನಿಯವರಂತೂ ಕೈ ತೊಳೆದುಕೊಂಡು, "ನಾವು ಯಾರೂ ಕಳಿಸಿಲ್ಲ, ಅವ ತಾನೇ ಹೋಗ್ಯಾನ" ಅಂತ ಬರೆದುಕೊಟ್ಟಿದ್ದಾರೆ. ಸಾಹೇಬರು ನಕ್ಕು, "ಬೇಟಾ, ಇಷ್ಟ್ ಆದ್ರ ಸಾಕು. ಬೇಲ್ ಸಿಗ್ತದ, ಕಲಮು ಹಗುರ ಆಗ್ತದ," ಅಂದರು. ಅದಕ್ಕೇ ನಿನ್ನ ಸಹಾಯ ಬೇಕು. ಕಟ್ಟೆ ಕೀಳಬೇಕು ಅಂತ ಆಫೀಸಿನಲ್ಲಿ ಆದೇಶ ಇದ್ದೇ ಇರುತ್ತದೆ. ಅದರ ಒಂದು ಪ್ರತಿ ತೆಗೆದು ಕೊಡು.

ಇನ್ನೊಂದು ಮಾತು. ಹೋದ ಕಾಗದದಲ್ಲಿ ಬರೆದಿರಲಿಲ್ಲ. ಮೊದಲ ಏಟಿಗೇ ಅವನು ಕುಸಿದು ಬಿದ್ದ. ಕೈ ಅಡ್ಡ ಹಿಡಿದು, "ಹೊಡಿಬ್ಯಾಡ್ರಿ, ವಿಶಾಖಾ ಮೇಡಂ ಕಳಿಸ್ಯಾರ್ರಿ," ಅಂದ. ನಿನ್ನ ಹೆಸರು! ತಾನು ಮಾಡುವ ಹಲಕಟ್ ಕೆಲಸಕ್ಕೆ ನಮ್ಮ ಓಣಿಯ ಮಗಳ ಹೆಸರನ್ನು ಢಾಲಿನ ಹಾಗೆ ಅಡ್ಡ ಹಿಡಿದ. ಪೈಪು ಮತ್ತೆ ಎತ್ತಿದೆ. ಮೊದಲನೆಯದು ಝಂಡಾಕ್ಕೆ ಹೊಡೆದದ್ದು ಅಕ್ಕಾ, ಎರಡನೆಯದು ನಿನ್ನ ಮಾನಕ್ಕೆ. ಇದನ್ನೇ ಪೊಲೀಸರಿಗೂ ಹೇಳಿದ್ದೇನೆ, ಸಾಹೇಬರಿಗೂ ಹೇಳಿದ್ದೇನೆ.

ಆದೇಶದ ಪ್ರತಿ ಬೇಗ ಕಳಿಸು.

ಕೈಲಾಶ


ಬೀದರ ಜೈಲು
15 ಏಪ್ರಿಲ್ 2024

ಅಕ್ಕಾ,

ಆರು ವಾರ ಆಯಿತು, ನಿನ್ನಿಂದ ಒಂದು ಸಾಲಿಲ್ಲ. ನಡುವೆ ಬರೆದ ಎರಡು ಚೀಟಿಗೂ ಉತ್ತರ ಇಲ್ಲ. ಸತ್ತಿಯೋ ಬದುಕಿದಿಯೋ?

ನಿನ್ನೆ ಜಯಂತಿ. ಹುಟ್ಟಿದಾಗಿನಿಂದ ಮೆರವಣಿಗೆ ತಪ್ಪಿಸಿದವನಲ್ಲ ನಾನು. ಸಂಜೆ ಗೋಡೆಯ ಆಚೆ ಹಲಗೆ ಕೇಳಿಸಿತು, ಡಿಜೆ ಕೇಳಿಸಿತು. ನಮ್ಮ ಬ್ಯಾರಕ್ಕಿನ ಐವರು ಎದ್ದು ನಿಂತು ಜೈಭೀಮ್ ಕೂಗಿದೆವು. ಆಚೆ ಮೂಲೆಯ ಒಬ್ಬ ಹೊಲಸು ಮಾತಾಡಿದ. ನಾನು ಅಲ್ಯೂಮಿನಿಯಮ್ ತಾಟಿನ ಅಂಚಿನಿಂದ ಅವನ ಹುಬ್ಬಿನ ಮೇಲೆ ಹೊಡೆದೆ. ಎಲುಬು ಬೆಳ್ಳಗೆ ಕಂಡಿತು. ಹದಿನೈದು ದಿನ ಭೇಟಿ ಬಂದ್.

ಹುಣ್ಣಿನ ಮೇಲೆ ಹುಣ್ಣು ಎಬ್ಬಿಸುವ ಈ ಸಿಟ್ಟು ಎಲ್ಲಿಂದ ಬರುತ್ತದೋ ನನಗೆ ತಿಳಿಯದು. ನಿನ್ನ ಕಾಗದ ಬಂದಿದ್ದರೆ ಹೊಡೆಯುತ್ತಿರಲಿಲ್ಲವೇನೋ. ಆದೇಶದ ಪ್ರತಿ ಸಿಗಲಿಲ್ಲವೆಂದರೆ ಸಿಗಲಿಲ್ಲ ಅಂತಲಾದರೂ ಬರೆ.

ಕೈಲಾಶ


ಎಕಂಬಾ
30 ಏಪ್ರಿಲ್ 2024

ಕೈಲಾಶ,

ಬದುಕಿದ್ದೇನೆ.

ಆದೇಶ ಸಿಗುವುದಿಲ್ಲ. ಅಂಥದ್ದು ಇಲ್ಲ. ರಸ್ತೆಯ ನಕ್ಷೆಯಲ್ಲಿ ಕಟ್ಟೆ ಇದೆ. ಅದನ್ನು ಬಿಟ್ಟು ಮೂರು ಮೀಟರ್ ಆಚೆಗೆ ರಸ್ತೆ ಬಾಗುತ್ತದೆ. ಸುತ್ತ ರೇಲಿಂಗು, ಮೇಲೆ ದೀಪ, ಮೆಟ್ಟಿಲಿಗೆ ಕಲ್ಲು ಎಲ್ಲ ಅಳತೆ ಸಮೇತ ಬರೆದಿದೆ. ನಿನಗೆ ಇದು ಮೊದಲೇ ಹೇಳಬೇಕಿತ್ತು.

ಹೋದ ವಾರ ಭಾಲ್ಕಿಗೆ ಹೋಗಿದ್ದೆ. ಶಿವರಾಜನನ್ನು ಮನೆಗೆ ತಂದಿದ್ದಾರೆ. ಪೇದೆಯೂ ಜೊತೆಗೇ ಬಂದು ಪಡಸಾಲೆಯಲ್ಲಿ ಕೂತಿದ್ದಾನೆ. ಮಾತೇ ಆಡದ ಮನುಷ್ಯ ಎಲ್ಲಿ ಓಡಿಹೋಗುತ್ತಾನೋ! ಅವನ ಹೆಂಡತಿ ಭಕ್ತಿ ನನಗಿಂತ ಚಿಕ್ಕವಳು. ನಾನು ಕಂಪನಿಯವಳು ಅಂದ ಕೂಡಲೇ ಚಹಾ ಮಾಡಿದಳು. "ಅಕ್ಕಾರೆ, ನಮ್ಮನಿಯವ್ರು ಯಾರೂ ಹೇಳದೆ ಕೆಲಸಕ್ಕ ಹೋಗೂ ಮಂದಿ ಅಲ್ರಿ. ಆ ಮುಂಜಾನಿ ಫೋನ್ ಬಂದಿತ್ತು, ಚಹಾ ಸುದ್ದಾ ಕುಡೀದೆ ಹೋದ್ರು. ಯಾರ್ ಕಳಿಸ್ಯಾರ ಅಂತ ನಾ ದಿನಾ ಕೇಳ್ತೇನಿ," ಅಂದಳು. ನನ್ನ ಮುಂದೆಯೇ ಮತ್ತೊಮ್ಮೆ ಕೇಳಿದಳು. ಅವನು ಬಾಯಿ ತೆರೆದ. ಜೊಲ್ಲು ಸುರಿಯಿತು. ಕಣ್ಣು ಮಾತ್ರ ನನ್ನನ್ನು ಬಿಟ್ಟು ಕದಲಲಿಲ್ಲ.

ಕೆಳಗೆ ಬಿದ್ದವನನ್ನು ಯಾಕೆ ಹೊಡೆದಿ? ಭುಜದ ಏಟು ಒಂದೇ ಆಗಿದ್ದರೆ ಅವನು ಇಷ್ಟೊತ್ತಿಗೆ ಎದ್ದು ಓಡಾಡುತ್ತಿದ್ದ. ತಲೆಯ ಏಟು ಯಾಕೆ ಹಾಕಿದಿ ಕೈಲಾಶ?

ವಿಶಾಖಾ


ಬೀದರ ಜೈಲು
12 ಮೇ 2024

ವಿಶಾಖಾ ಮೇಡಂ ಅವರಿಗೆ,

ಆಫೀಸಿನವರು ಹೀಗೇ ಕರೆಯುತ್ತಾರಲ್ಲ, ನಾನೂ ಕರೆದೆ.

ನೀನು ಯಾರ ಕಡೆ? ಅವನ ಜೊಲ್ಲು ಕಂಡಿತು, ಅಪ್ಪನ ಸೊಟ್ಟ ಕೈ ಇಪ್ಪತ್ತಾರು ವರ್ಷ ಕಂಡೂ ಕಾಣಲಿಲ್ಲವೇ? ನಕ್ಷೆಯಲ್ಲಿ ಕಟ್ಟೆ ಇದೆಯಂತೆ. ಓಣಿಯಲ್ಲಿ ನಕ್ಷೆ ಓದಲು ಬರುವವರು ಎಷ್ಟು ಮಂದಿ ಇದ್ದಾರೆ? ನೀವು ನಕ್ಷೆಯನ್ನು ಕಪಾಟಿನಲ್ಲಿ ಇಡುತ್ತೀರಿ, ಚಿತ್ರವನ್ನು ನಮ್ಮ ಮಾರಿಯ ಮುಂದೆ ಕಟ್ಟುತ್ತೀರಿ. ನಾವು ಕಣ್ಣ ಮುಂದೆ ಕಟ್ಟಿದ್ದನ್ನು ನಂಬುತ್ತೇವೆ.

ಜೂನ್ ಇಪ್ಪತ್ತಕ್ಕೆ ಬೇಲ್ ಅರ್ಜಿ ಇದೆ. ಗಫೂರ ಸಾಹೇಬರಿಗೆ ನಿನ್ನ ಕಾಗದ ತೋರಿಸಿದೆ. ಅವರ ಮುಖ ಸಣ್ಣದಾಯಿತು. "ನಕ್ಷೇದ ಮಾತು ನಾವಾಗಿ ಎತ್ತೂದ್ ಬ್ಯಾಡ, ನಿಮ್ಮ ಅಕ್ಕಾರಿಗೆ ಬಾಯಿ ಹೊಲಕೊಂಡ್ ಕೂಡ್ಲಿಕ್ಕ ಹೇಳು," ಅಂದರು. ಹೇಳಿದ್ದೇನೆ. ಈ ಬೇಲ್ ತಪ್ಪಿದರೆ ನಾನು ಇಲ್ಲಿ ಯಾರನ್ನಾದರೂ ಕೊಲ್ಲುತ್ತೇನೆ, ಇಲ್ಲ ನನ್ನನ್ನು ಯಾರಾದರೂ ಕೊಲ್ಲುತ್ತಾರೆ. ಹುಬ್ಬು ಒಡೆಸಿಕೊಂಡವನು ಚಮಚದ ಹಿಡಿಕೆಯನ್ನು ನೆಲದ ಫರಸಿಗೆ ತಿಕ್ಕಿ ಚೂಪು ಮಾಡುತ್ತಿದ್ದಾನೆ. ಅದರ ಸಪ್ಪಳ ನನಗೆ ದಿನಾ ಕೇಳಿಸುತ್ತದೆ.

ಬಿದ್ದವನನ್ನು ಯಾಕೆ ಹೊಡೆದೆ ಅಂತ ಹೇಳಿ ಆಗಿದೆ. ಮತ್ತೆ ಕೇಳಬೇಡ.

ಕೈಲಾಶ


ಎಕಂಬಾ
9 ಜೂನ್ 2024

ಕೈಲಾಶ,

ಇದನ್ನು ಜೈಲಿನವರು ಓದಲಿ, ಕೋರ್ಟಿನವರು ಓದಲಿ. ನಿನ್ನೆ ಬೀದರಕ್ಕೆ ಹೋಗಿ ಪೊಲೀಸರಿಗೆ ಇದೆಲ್ಲವನ್ನು ಹೇಳಿ ಸಹಿ ಮಾಡಿ ಬಂದಿದ್ದೇನೆ. ನಿನ್ನನ್ನು ಕೇಳಿ ಮಾಡಲಿಲ್ಲ. ಕೇಳಿದ್ದರೆ ಮಾಡುವ ಧೈರ್ಯ ಆಗುತ್ತಿರಲಿಲ್ಲ.

ನಮ್ಮ ಕಟ್ಟೆಯನ್ನು ಅಳಿಸಿದ ಕೈ ನನ್ನದು.

ಗಿಡ, ಕಂಬ ನೋಡುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ. ಖರೆ ಹೇಳಬೇಕೆಂದರೆ ಆ ರಸ್ತೆ ಕಣ್ಣಿಗೆ ಹೇಗೆ ಕಾಣಬೇಕು ಅನ್ನುವುದೆಲ್ಲ ನನ್ನದೇ. ನಕ್ಷೆಯಲ್ಲಿ ಕಟ್ಟೆಯ ಸುತ್ತ ರೇಲಿಂಗು ಬರೆದವಳೂ ನಾನೇ. ಇಂಥ ಚಿತ್ರ ಮಾಡುವಾಗ ಮೊದಲು ಜಾಗದ ಫೋಟೊ ತೆಗೆಯುತ್ತೇವೆ, ಅದರ ಮೇಲೆ ಹೊಸ ರಸ್ತೆಯನ್ನು ಕೂಡಿಸುತ್ತೇವೆ. ಜೋತ ತಂತಿ, ಕಸದ ಡಬ್ಬಿ, ನಾಯಿ, ಚಹಾದ ಬಂಡಿ, ಕಣ್ಣಿಗೆ ಅಡ್ಡ ಬರುವುದನ್ನೆಲ್ಲ ತೆಗೆಯುತ್ತೇವೆ. ಸಾಫ್ ಮಾಡುವುದು ಅಂತಾರೆ ನಮ್ಮಲ್ಲಿ. ಎಲ್ಲ ಊರಿನಲ್ಲೂ ಎಲ್ಲರೂ ಮಾಡುತ್ತಾರೆ, ಯಾರೂ ಎರಡು ಸಲ ಯೋಚಿಸುವುದಿಲ್ಲ. ಝಂಡಾದ ಕಂಬ ಸರಿಯಾಗಿ ದೀಪದ ಸಾಲಿನ ನಡುವೆ ಬರುತ್ತಿತ್ತು. ಅಳಿಸಿ ಪಾಮ್ ಗಿಡ ಇಟ್ಟೆ. ಕೆಲಸ ಹನ್ನೆರಡು ನಿಮಿಷದ್ದು.

ಸಾಲು ಕೆಡುತ್ತಿತ್ತು ಅಂತ ಅಳಿಸಿದೆ ಎಂದು ಪೊಲೀಸರಿಗೆ ಹೇಳಿದೆ. ನಿನಗೆ ಪೂರಾ ಹೇಳುತ್ತೇನೆ. ಆ ಆಫೀಸಿನಲ್ಲಿ ನಮ್ಮ ಓಣಿಯವಳು ನಾನೊಬ್ಬಳೇ. ಚಿತ್ರದ ನಟ್ಟನಡುವೆ ನೀಲಿ ಝಂಡಾ ಇದ್ದರೆ, "ಮೇಡಂ ತಮ್ಮದು ನಡುವೆ ಇಟ್ಟುಕೊಂಡರು" ಅನ್ನುತ್ತಾರೆ ಎಂದು ಅಂಜಿದೆ. ಯಾರೂ ಹಾಗೆ ಅಂದಿರಲಿಲ್ಲ. ಅನ್ನುವ ಮೊದಲೇ ಅಂಜಿದೆ. ನಾಚಿಕೆಯಾಗುತ್ತದೆ ತಮ್ಮಾ, ಈ ಸಾಲು ಬರೆಯಲು ಮೈಯೆಲ್ಲ ನಾಚಿಕೆಯಾಗುತ್ತದೆ. ಯಾವ ಕಟ್ಟೆಗಾಗಿ ಅಪ್ಪ ಕೈ ಮುರಿಸಿಕೊಂಡನೋ, ಅದು ನನ್ನದಲ್ಲ ಅಂತ ತೋರಿಸಲು ನಾನು ಹನ್ನೆರಡು ನಿಮಿಷ ಖರ್ಚು ಮಾಡಿದೆ.

ಫೋಟೊ ತೆಗೆದ ದಿನ ಶಿವರಾಜ ನನ್ನ ಜೊತೆಗೆ ಇದ್ದ. ಚಿತ್ರ ಛಾಪಿಸುವ ಮೊದಲು ಅವನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಮೇಡಂ, ಝಂಡಾ ತಗಿಬ್ಯಾಡ್ರಿ. ಇದ್ದದ್ದು ಇದ್ದಂಗ ತೋರಸ್ರಿ. ಮಂದಿ ಫ್ಲೆಕ್ಸ್ ನೋಡ್ತಾರ, ನಕ್ಷಾ ನೋಡಂಗಿಲ್ಲ್ರಿ," ಅಂದ. ಇಡೀ ಆಫೀಸಿನಲ್ಲಿ ನಮ್ಮ ಝಂಡಾದ ಪರವಾಗಿ ಮಾತಾಡಿದ ಮನುಷ್ಯ ಅವನೊಬ್ಬನೇ. ನಾನು, "ಅದು ಬರೇ ವ್ಯೂ, ತೋರಸೂ ಚಿತ್ರ, ಯಾರ್ ನೋಡ್ತಾರ ಬಿಡ್ರಿ," ಅಂತ ನಕ್ಕುಬಿಟ್ಟೆ.

ಜನವರಿ ಎಂಟರ ಸಂಜೆ ಅಪ್ಪ ಫೋನ್ ಮಾಡಿ, ಓಣಿ ಕುದಿಯುತ್ತಿದೆ ಅಂದ. ಅಲ್ಲಿಗೆ ಬಂದು ನಿಂತು ಚಿತ್ರ ಸುಳ್ಳು, ನಕ್ಷೆ ಖರೆ ಅಂತ ನಾನು ಹೇಳಬೇಕಿತ್ತು. ಹೇಳಿದರೆ ಚಿತ್ರ ಯಾರದು ಅಂತ ಕೇಳುತ್ತಿದ್ದರು. ಬಾಯಿಬಿಟ್ಟರೆ ಬಣ್ಣಗೇಡು ಅಂತ ಸುಮ್ಮನಾದೆ. ಮರುದಿನ ಮುಂಜಾನೆ ಆರೂವರೆಗೆ ಶಿವರಾಜನಿಗೆ ಫೋನ್ ಮಾಡಿ, ಮಂದಿ ಏಳುವ ಮೊದಲು ಫ್ಲೆಕ್ಸ್ ಕಿತ್ತು ತನ್ನಿ ಅಂದೆ. ಫ್ಲೆಕ್ಸಿನ ಕಬ್ಬಿಣದ ಕಾಲನ್ನು ಕಟ್ಟೆಯ ಮಗ್ಗುಲ ಮಣ್ಣಿನಲ್ಲಿ ಹುಗಿದಿದ್ದರು. ಅವನು ಅಗೆಯುತ್ತಿದ್ದದ್ದು ಅದನ್ನು. ನಮ್ಮ ಕಟ್ಟೆಯನ್ನು ಮರಳಿ ಕಾಣಿಸಲು ಬಂದವನನ್ನು ನೀನು ಹೊಡೆದಿ.

ವಿಶಾಖಾ ಮೇಡಂ ಕಳಿಸ್ಯಾರ ಅಂದನಲ್ಲ, ಅದು ಖರೆ. ನಿನ್ನ ಮಾರ್ಚ್ ತಿಂಗಳ ಕಾಗದದಲ್ಲಿ ಆ ಸಾಲು ಓದಿದ ದಿನ ಕಾಗದವನ್ನು ಅತ್ತೆಗೂ ತೋರಿಸದೆ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅದಕ್ಕೇ ಅಷ್ಟು ವಾರ ಬರೆಯಲಿಲ್ಲ. ಅವನು ಖರೆ ಹೇಳಿದ, ನೀನು ಸುಳ್ಳು ಅಂತ ತಿಳಿದು ನನ್ನ ಮಾನಕ್ಕಾಗಿ ಅವನ ತಲೆ ಒಡೆದಿ. ನಾನು ಬಾಯಿ ಮುಚ್ಚಿಕೊಂಡರೆ ನೀನು ಹೊರಗೆ ಬರುತ್ತಿ, ಅವನು ಕಟ್ಟೆ ಒಡೆಯಲು ಬಂದವನಾಗಿ ಸಾಯುತ್ತಾನೆ. ನನ್ನಿಂದ ಆಗಲಿಲ್ಲ. ನಿನ್ನ ಬೇಲ್ ನಾನೇ ಕೈಯಾರೆ ಮುರಿದಿದ್ದೇನೆ. ಬೈದು ಬರೆ, ಉಗುಳಿ ಬರೆ, ಆದರೆ ಬರೆ.

ಅಕ್ಕ


ಎಕಂಬಾ
22 ಆಗಸ್ಟ್ 2024

ಕೈಲಾಶ,

ಹತ್ತು ವಾರ. ನೀನು ಬರೆಯಲಿಲ್ಲ. ಬೇಲ್ ಆಗಲಿಲ್ಲ ಅಂತ ಗಫೂರ ಸಾಹೇಬರಿಂದ ತಿಳಿಯಿತು. ಚಮಚದವನು ನಿನ್ನ ಪಕ್ಕೆಗೆ ಇರಿದನೆಂದೂ, ಗಾಯ ಆಳ ಇಲ್ಲವೆಂದೂ ಅವರೇ ಹೇಳಿದರು. ಆಳ ಇಲ್ಲ ಅಂದರೆ ಎಷ್ಟು, ನೀನೇ ಬರೆ.

ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದರು. ಓಣಿಗೆ ಹೋಗಿದ್ದೆ. ಅಪ್ಪ ಬಾಗಿಲು ತೆಗೆಯಲಿಲ್ಲ. ಒಳಗೆ ಕೆಮ್ಮಿದ್ದು ಕೇಳಿಸಿತು. ತಿರುಗಿ ಬರುವಾಗ ಯಾರೋ ಒಗೆದ ಕಲ್ಲು ಕಿವಿಯ ಹಿಂದೆ ಬಿತ್ತು, ಏಳು ಹೊಲಿಗೆ. ಮುನ್ನಿಬೀ ಗಿರಣಿ ನಿಲ್ಲಿಸಿ ಓಡಿಬಂದು ದುಪಟ್ಟಾ ಹರಿದು ಕಟ್ಟಿದಳು. "ಹಿಂಗ್ಯಾಕ್ ಮಾಡಿದಿ ಬೇಟಿ?" ಅಂದಳು. ಯಾವುದನ್ನು ಕೇಳಿದಳೋ, ಅಳಿಸಿದ್ದನ್ನೋ, ಹೇಳಿದ್ದನ್ನೋ, ನಾನು ಕೇಳಲಿಲ್ಲ.

ಶಿವರಾಜನ ಮೇಲಿನ ಕೇಸು ಬಿದ್ದುಹೋಯಿತು. ಪೇದೆ ಕುರ್ಚಿ ಎತ್ತಿಕೊಂಡು ಹೋದ. ಅದಾಗಿ ಒಂಬತ್ತನೆಯ ದಿನ, ಹೋದ ಶುಕ್ರವಾರ, ಶಿವರಾಜ ತೀರಿಕೊಂಡ. ತಲೆಯೊಳಗೆ ಮತ್ತೆ ರಕ್ತ ಸೋರಿತಂತೆ.

ಮಣ್ಣಿಗೆ ಹೋದೆ. ಭಾಲ್ಕಿಯ ಆ ಮನೆಯ ಅಂಗಳದಲ್ಲಿ ಎಲ್ಲರ ಎದುರು ಭಕ್ತಿ ನನ್ನ ಕೆನ್ನೆಗೆ ಹೊಡೆದಳು. ಒಂದಲ್ಲ. ಕೈ ಸೋಲುವ ತನಕ ಹೊಡೆದಳು. ಬಿಡಿಸಲು ಬಂದವರನ್ನು ನಾನೇ ಬೇಡ ಅಂದೆ. ಕೊನೆಗೆ ನನ್ನ ಕೊರಳಿಗೆ ಬಿದ್ದು, "ಅವ್ರಿಗೆ ಗೊತ್ತಿತ್ತಲ್ಲ್ರಿ ಅಕ್ಕಾರೆ, ನೀವು ಖರೇ ಹೇಳಿದ್ದು ಅವ್ರಿಗೆ ಗೊತ್ತಿತ್ತಲ್ಲಾ," ಅಂದಳು. ಗೊತ್ತಿತ್ತು. ಜೂನ್‌ನಲ್ಲೇ ಹೋಗಿ ಅವನ ಮುಂದೆ ಕೂತು ಹೇಳಿದ್ದೆ. ಅವನು ಎಡಗೈ ಎತ್ತಿ ಹಾಸಿಗೆಯ ಮೇಲೆ ಎರಡು ಸಲ ಬಡಿದಿದ್ದ.

ಈಗ ನಿನ್ನ ಮೇಲೆ ಕೊಲೆಯ ಕೇಸು. ಸಾಹೇಬರು ಹೇಳುತ್ತಾರೆ, ಝಂಡಾ ಹೋಯಿತು ಅನ್ನುವ ಸಿಟ್ಟಿನ ಭರದಲ್ಲಿ, ಅಕ್ಕನ ಹೆಸರು ಸುಳ್ಳೇ ಎಳೆದ ಅಂತ ತಿಳಿದು ತಪ್ಪಾಯಿತು, ಕೊಲ್ಲುವ ಮನಸ್ಸು ಇರಲಿಲ್ಲ ಅಂತ ವಾದ ಮಾಡಬಹುದಂತೆ. ಚಿತ್ರ ಮಾಡಿದವಳು ನಾನೇ ಸಾಕ್ಷಿ ಹೇಳಿದರೆ ಶಿಕ್ಷೆ ಕಡಿಮೆ ಆಗುತ್ತದಂತೆ. ಹೇಳುತ್ತೇನೆ. ನನ್ನ ಮಾನಕ್ಕಾಗಿ ಹೊಡೆದಿ, ನಿನಗಾಗಿ ಕಟಕಟೆಯಲ್ಲಿ ನಿಂತು ಮಾನ ಬಿಟ್ಟು ಹೇಳುತ್ತೇನೆ.

ಅಕ್ಕ


ಬೀದರ ಜೈಲು
3 ನವೆಂಬರ್ 2024

ಅಕ್ಕಾ,

ಪಕ್ಕೆಯ ಗಾಯ ಮಾಯ್ದಿದೆ. ಇರಿದವನಿಗೆ ನಾನು ತಿರುಗಿ ಏನೂ ಮಾಡಲಿಲ್ಲ. ಮಾಡಬೇಕು ಅನ್ನಿಸಲಿಲ್ಲ.

ನೀನು ಕೋರ್ಟಿಗೆ ಬರುವ ಅವಶ್ಯ ಬೀಳುವುದಿಲ್ಲ. ಹೋದ ಮಂಗಳವಾರ ಜಡ್ಜ್ ಸಾಹೇಬರು ಆರೋಪ ಓದಿ, ಒಪ್ಪುತ್ತೀಯಾ ಅಂತ ಕೇಳಿದರು. ಒಪ್ಪುತ್ತೇನೆ ಅಂದೆ. ಗಫೂರ ಸಾಹೇಬರು ನನ್ನ ತೋಳು ಹಿಡಿದು ಕೆಳಗೆ ಎಳೆದರು. ಜಡ್ಜ್ ಸಾಹೇಬರೂ, ವಕೀಲರ ಜೊತೆ ಮಾತಾಡಿ ಇನ್ನೊಮ್ಮೆ ಬಂದು ಹೇಳು ಅಂದರು. ಹತ್ತೊಂಬತ್ತಕ್ಕೆ ಮತ್ತೆ ಕರೆದಿದ್ದಾರೆ. ಆ ದಿನವೂ ಅದನ್ನೇ ಹೇಳುತ್ತೇನೆ. ಸಾಹೇಬರು ಹೊರಗೆ ಬಂದು, "ಹುಚ್ಚ ಇದ್ದಿ ಏನು? ವಾದ ಐತಲ್ಲ, ಅಕ್ಕನ ಮಾನದ ವಾದ ಐತಲ್ಲ!" ಅಂತ ಚೀರಿದರು. ಆ ವಾದ ನಡೆಯುವುದಿಲ್ಲ ಅಂದೆ. ಯಾಕೆ ಅಂತ ಅವರಿಗೆ ಹೇಳಲಿಲ್ಲ, ನಿನಗೆ ಹೇಳುತ್ತೇನೆ.

ನಿನ್ನ ಜೂನ್ ತಿಂಗಳ ಕಾಗದ ಓದಿ ಐದು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟಿನಿಂದ ಅಂತ ತಿಳಿದಿರುತ್ತಿ. ಅಲ್ಲ. ನೀನು ಎಲ್ಲ ಬಿಚ್ಚಿ ಬರೆದಿದ್ದೆ, ನನ್ನ ಹತ್ತಿರ ಇನ್ನೂ ಒಂದು ಮಾತು ಉಳಿದಿತ್ತು.

ಶಿವರಾಜ ಮಣ್ಣಿನಲ್ಲಿ ಬಿದ್ದು, ವಿಶಾಖಾ ಮೇಡಂ ಕಳಿಸ್ಯಾರ ಅಂದಾಗ ಅವನು ಸುಳ್ಳು ಹೇಳಿದ ಅಂತ ನನಗೆ ಅನ್ನಿಸಲೇ ಇಲ್ಲ. ಕೇಳಿದ ಕೂಡಲೇ ನಂಬಿದೆ. ನೀನು ಓಣಿ ಬಿಟ್ಟು ಊರಿನ ಆ ತುದಿಯಲ್ಲಿ ಮನೆ ಹಿಡಿದಿದ್ದಿ. ಎರಡು ವರ್ಷ ಜಯಂತಿಗೆ ಬರಲಿಲ್ಲ. ಎಲ್ಲಿಯವರು ಅಂತ ಯಾರಾದರೂ ಕೇಳಿದರೆ ಓಣಿಯ ಹೆಸರು ಹೇಳದೆ ಬೀದರ ಅನ್ನುತ್ತಿದ್ದಿ. ನನ್ನ ಅಕ್ಕನೇ ಕಟ್ಟೆ ಕೀಳಲು ಆಳು ಕಳಿಸಿದ್ದಾಳೆ ಅಂತ ಆ ಕ್ಷಣ ಪೂರಾ ನಂಬಿದೆ. ಪೈಪು ಮೇಲೆತ್ತಿದಾಗ ನನ್ನ ಕಣ್ಣಿಗೆ ಅವನ ಮುಖ ಕಾಣಲೇ ಇಲ್ಲ, ನಿನ್ನ ಮುಖ ಕಂಡಿತು. ಪೊಲೀಸರು ಹಿಡಿದ ಮೇಲೆ, ಅಕ್ಕನ ಮಾನಕ್ಕಾಗಿ ಹೊಡೆದೆ ಅಂತ ಹೇಳಿದೆ. ಹೇಳುತ್ತಾ ಹೇಳುತ್ತಾ ಅದೇ ಖರೆ ಅನ್ನಿಸತೊಡಗಿತು.

ಎರಡನೆಯ ಏಟು ನಾನು ನಿನಗೆ ಹೊಡೆದದ್ದು.

ನೀನು ಈಗ ಕಂಪನಿಯವಳಲ್ಲ, ಭೇಟಿಗೆ ಅಡ್ಡಿ ಇಲ್ಲ, ಬುಧವಾರ ಮತ್ತು ಶನಿವಾರ. ನೀನು ಬರುವುದಾದರೆ ಇದನ್ನು ತಿಳಿದುಕೊಂಡು ಬಾ.

ಕೈಲಾಶ